ನೈರುತ್ಯ ಮೂಲೆಯಿಂದ ಎಣಿಸಿದ ಹೆಜ್ಜೆಗಳು

ಜಗಳೂರು ತಾಲ್ಲೂಕಿನಲ್ಲಿ ಬೆಳೆ ವಿಮೆಯ ಹಣೆಬರಹ ಬರೆಯುವುದು ಹೊಲದ ನೈರುತ್ಯ ಮೂಲೆಯಲ್ಲಿ. ಮುಂಗಾರಿನ ಮೆಕ್ಕೆಜೋಳ ಕೊಯ್ಲಿಗೆ ಬಂದ ಹೊತ್ತಿಗೆ ಗ್ರಾಮ ಆಡಳಿತಾಧಿಕಾರಿಯೋ ಕೃಷಿ ಇಲಾಖೆಯವರೋ ಮೊಬೈಲು, ಟೇಪು, ಹಗ್ಗ, ಗೂಟ, ತಕ್ಕಡಿ ಹಿಡಿದು ಬರುತ್ತಾರೆ. ಯಾವ ಸರ್ವೆ ನಂಬರಿಗೆ ಹೋಗಬೇಕು ಎಂಬುದನ್ನು ಅವರು ಆರಿಸುವಂತಿಲ್ಲ; ಅದನ್ನು ಯಾದೃಚ್ಛಿಕ ಸಂಖ್ಯೆಗಳು ಮೊದಲೇ ಆರಿಸಿರುತ್ತವೆ. ನೈರುತ್ಯ ಮೂಲೆಯಲ್ಲಿ ನಿಂತು ಹೊಲದ ಉದ್ದ ಎಷ್ಟು ಹೆಜ್ಜೆ, ಅಗಲ ಎಷ್ಟು ಹೆಜ್ಜೆ ಎಂದು ನಡೆದು ಅಳೆಯುತ್ತಾರೆ. ಆಮೇಲೆ ಮತ್ತೆರಡು ಯಾದೃಚ್ಛಿಕ ಸಂಖ್ಯೆ. ಬದುವಿನ ಗುಂಟ ಅಷ್ಟು ಹೆಜ್ಜೆ, ಅಲ್ಲಿಂದ ಹೊಲದ ಒಳಕ್ಕೆ ಇಷ್ಟು ಹೆಜ್ಜೆ. ಕಾಲು ನಿಂತಲ್ಲಿ ಮೊದಲ ಗೂಟ. ಅಲ್ಲಿಂದ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಹಾಕುತ್ತಾರೆ. ಚೌಕ ಸೊಟ್ಟಗಾಗಬಾರದೆಂದು ಮೂಲೆಯಿಂದ ಮೂಲೆಗೆ ಟೇಪು ಹಿಡಿದು 7.07 ಮೀಟರ್ ಬಂತೇ ಎಂದು ನೋಡುತ್ತಾರೆ. ಹಗ್ಗದೊಳಗಿನ ತೆನೆಯನ್ನಷ್ಟೇ ಮುರಿದು, ಕಾಳು ಬಿಡಿಸಿ ತೂಗುತ್ತಾರೆ.

ಸುತ್ತ ನಿಂತ ರೈತರ ಕಣ್ಣೆಲ್ಲ ತಕ್ಕಡಿಯ ಮೇಲೆ. 25 ಚದರ ಮೀಟರ್ ಎಂದರೆ ಹೆಕ್ಟೇರಿನ 400ನೇ ಒಂದು ಭಾಗ. ಚೌಕದಲ್ಲಿ ಒಂದು ಕಿಲೋ ಹೆಚ್ಚು ಬಂದರೆ ಲೆಕ್ಕದಲ್ಲಿ ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಏರುತ್ತದೆ. ಇಂಥ ನಾಲ್ಕು ಚೌಕಗಳ ಸರಾಸರಿಯೇ ಇಡೀ ಗ್ರಾಮ ಪಂಚಾಯಿತಿಯ ಇಳುವರಿ; ಅದು ವಿಮೆಯ ಹೊಸ್ತಿಲಿಗಿಂತ ಕಡಿಮೆಯಾದರೆ ಮಾತ್ರ ಪರಿಹಾರ. ‘ನನ್ನ ಹೊಲದಾಗ ಕಾಳೇ ಕಟ್ಟಿಲ್ಲ ಸಾಹೇಬ್ರೆ, ನಂಬರು ಬಿದ್ದದ್ದು ಬೋರು ಇರೋರ ಹೊಲಕ್ಕೆ’ ಎಂಬ ಮಾತು ಈ ಸೀಮೆಯಲ್ಲಿ ಪ್ರತಿ ಹಂಗಾಮಿನಲ್ಲೂ ಕೇಳುತ್ತದೆ. ಆ ಮಾತಿನಲ್ಲಿ ಸಂಖ್ಯಾಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯೇ ಇದೆ. ಅದು ಇಲ್ಲಿಗೆ ಬಂದು ಮುಟ್ಟಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಅಂಕಿಯಿಲ್ಲದ ಕಾಲದ ಬೆಲೆ ಎಷ್ಟೆಂದು ಹಳೆಯ ಮೈಸೂರು ಸಂಸ್ಥಾನಕ್ಕೆ ಗೊತ್ತಿತ್ತು. 1876ರಿಂದ 78ರವರೆಗಿನ ಧಾತು ಈಶ್ವರ ಬರ ಕಳೆದಾಗ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷದಿಂದ (1871) ಸುಮಾರು 41.9 ಲಕ್ಷಕ್ಕೆ (1881) ಇಳಿದಿತ್ತು. ಬೆಳೆ ಎಷ್ಟು ಹೋಯಿತು, ದವಸ ಎಲ್ಲಿ ಉಳಿದಿದೆ ಎಂದು ಕಾಲಕ್ಕೆ ಸರಿಯಾಗಿ ಹೇಳುವ ವ್ಯವಸ್ಥೆ ದೇಶದಲ್ಲೇ ಇರಲಿಲ್ಲ. ಇದ್ದದ್ದು ಆಣೆವಾರಿ. ಶಾನುಭೋಗರೋ ಅಮಲ್ದಾರರೋ ಹೊಲದ ಬದುವಿನಲ್ಲಿ ನಿಂತು, ಇದು ಎಂಟಾಣೆ ಬೆಳೆ, ಅದು ಹನ್ನೆರಡಾಣೆ ಬೆಳೆ ಎನ್ನುತ್ತಿದ್ದರು. ಹದಿನಾರಾಣೆ ಎಂದರೆ ತುಂಬು ಬೆಳೆ. ಆ ತುಂಬು ಬೆಳೆ ಎಷ್ಟು ಎಂಬುದು ಮಾತ್ರ ಹೇಳುವವನ ಮನಸ್ಸಿನಲ್ಲಿರುತ್ತಿತ್ತು. ಕಂದಾಯದ ಮಾಫಿಯೂ ಅದೇ ಆಣೆಗೆ ಗಂಟುಬಿದ್ದಿದ್ದರಿಂದ ಕೆಳಗಿನಿಂದ ತಗ್ಗಿಸಿ ಹೇಳುವ ಒತ್ತಡವಿತ್ತು, ಮೇಲಿನಿಂದ ಹಿಗ್ಗಿಸಿ ಕೇಳುವ ಒತ್ತಡವೂ ಇತ್ತು. ಅನುಭವಸ್ಥರ ಕಣ್ಣಳತೆ ಎಷ್ಟೋ ಸಲ ಸರಿಯಾಗಿರುತ್ತಿತ್ತು. ಆದರೆ ಯಾವ ಸಲ ಸರಿ, ಎಷ್ಟು ಸರಿ ಎಂದು ತಿಳಿಯುವ ದಾರಿ ಇರಲಿಲ್ಲ. ಕಣ್ಣಳತೆಯ ನಿಜವಾದ ಕೊರತೆ ಅದೇ.

ಈ ಕೊರತೆಯನ್ನು ತಪ್ಪಿಸಿಕೊಂಡು ಹೋಗುವ ಒಂದು ಜಾಣ ದಾರಿಯನ್ನು ಮೊದಲು ಹೇಳಿದವರು ಮೈಸೂರು ಸಂಸ್ಥಾನದ ಅಧಿಕಾರಿಯೇ ಆಗಿದ್ದ ಜೆ. ಎಸ್. ಚಕ್ರವರ್ತಿ. 1920ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ಪುಸ್ತಕ ಕೃಷಿ ವಿಮೆಯ ಬಗ್ಗೆ ಭಾರತದಲ್ಲಿ ಬಂದ ಮೊದಮೊದಲ ಗಂಭೀರ ಯೋಜನೆ. ಒಬ್ಬೊಬ್ಬ ರೈತನ ನಷ್ಟವನ್ನು ಹೊಲ ಹೊಲಕ್ಕೆ ಹೋಗಿ ಅಳೆಯುವುದು ಆಗದ ಕೆಲಸ, ಆದ್ದರಿಂದ ಒಂದು ಪ್ರದೇಶವನ್ನೇ ಘಟಕವಾಗಿ ಹಿಡಿದು, ಮಳೆಮಾಪಕದ ಅಂಕಿಯ ಮೇಲೆ ಪರಿಹಾರ ಕೊಡಬೇಕೆಂಬುದು ಅವರ ಸಲಹೆ. ಆಗ ಅದು ಕಾಗದದಲ್ಲೇ ಉಳಿಯಿತು. ಆದರೆ ಪ್ರದೇಶಕ್ಕೆ ವಿಮೆ ಎಂಬ ಮಾತು ಉಳಿದುಕೊಂಡು, ಆರು ದಶಕ ಕಳೆದ ಮೇಲೆ ಸರ್ಕಾರದ ಯೋಜನೆಯಾಯಿತು. ಒಂದು ಮಳೆಮಾಪಕ ಎಷ್ಟು ಊರಿನ ಮಳೆಯನ್ನು ಹೇಳಬಲ್ಲದು ಎಂಬ ಪ್ರಶ್ನೆಯೂ ಜೊತೆಯಲ್ಲೇ ಉಳಿಯಿತು. ಕೆರೆಯ ಈ ಕಡೆ ಸುರಿದು ಆ ಕಡೆ ತಿರುಗಿಯೂ ನೋಡದ ಮಳೆ ಈ ಭಾಗದವರಿಗೆ ಹೊಸದಲ್ಲ.

ಹೊಲಕ್ಕೇ ಇಳಿದು ಕತ್ತರಿಸಿ ತೂಗುವ ದಾರಿ ಹಿಡಿದವರು ಬಿಹಾರ ಮತ್ತು ಒರಿಸ್ಸಾ ಪ್ರಾಂತ್ಯದ ಐಸಿಎಸ್ ಅಧಿಕಾರಿ ಜಾನ್ ಹಬ್ಬಾಕ್. 1920ರ ದಶಕದ ಮೊದಲರ್ಧದಲ್ಲಿ ಭತ್ತದ ಗದ್ದೆಗಳಲ್ಲಿ ಪ್ರಯೋಗ ಮಾಡಿ 1927ರಲ್ಲಿ ವರದಿ ಪ್ರಕಟಿಸಿದರು. ಅದುವರೆಗೂ ಬೆಳೆ ಕತ್ತರಿಸಿ ತೂಗುವುದು ಇರಲಿಲ್ಲವೆಂದಲ್ಲ. ಆದರೆ ಅಧಿಕಾರಿಯೇ ‘ಸಾಧಾರಣ’ ಎನಿಸಿದ ಹೊಲವನ್ನು ಆರಿಸುತ್ತಿದ್ದ. ಮನುಷ್ಯನ ಕಣ್ಣು ಸಾಧಾರಣವನ್ನು ಹುಡುಕುತ್ತ ಹುಡುಕುತ್ತ ತುಸು ಚೆಂದವಾದದ್ದರ ಮೇಲೆ ನಿಲ್ಲುತ್ತದೆ. ಆಯ್ಕೆಯನ್ನು ಕೈಯಿಂದ ಕಿತ್ತು ಅದೃಷ್ಟಕ್ಕೆ ಬಿಡಬೇಕು, ಆಗ ಮಾತ್ರ ಬಂದ ಸರಾಸರಿ ಎಷ್ಟು ಆಚೀಚೆ ಇದ್ದೀತು ಎಂದು ಲೆಕ್ಕ ಹಾಕಬಹುದು ಎಂದು ಹಬ್ಬಾಕ್ ಕಂಡುಕೊಂಡರು. ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಬುನಾದಿ ಹಾಕಿದ ಆರ್. ಎ. ಫಿಶರ್ ಈ ಕೆಲಸಕ್ಕೆ ತಾವು ಋಣಿ ಎಂದು ಮುಂದೆ ಒಪ್ಪಿಕೊಂಡರು.

‘ಎಷ್ಟು ಆಚೀಚೆ’ ಎಂಬುದಕ್ಕೆ ಉತ್ತರ ಅಷ್ಟರಲ್ಲಾಗಲೇ ಸಿದ್ಧವಿತ್ತು. ಅದನ್ನು ಕೊಟ್ಟಿದ್ದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ ವಿಲಿಯಂ ಗಾಸೆಟ್. ಕಂಪನಿಯ ನಿಯಮದಿಂದಾಗಿ ಅವರು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯಬೇಕಾಗಿತ್ತು. ಬಾರ್ಲಿಯ ಮೇಲೆ ಅವರಿಗೆ ಸಿಗುತ್ತಿದ್ದ ಪ್ರಯೋಗಗಳೆಲ್ಲ ಕಡಿಮೆ ಸಂಖ್ಯೆಯವು. ಅಷ್ಟರ ಸರಾಸರಿಯನ್ನು ಎಷ್ಟು ನಂಬಬಹುದು? 1908ರಲ್ಲಿ ಪ್ರಕಟವಾದ ಲೇಖನಕ್ಕಾಗಿ ಗಾಸೆಟ್ ಒಂದು ಕೆಲಸ ಮಾಡಿದರು. ಇಂಗ್ಲೆಂಡಿನ 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಅಚ್ಚಾಗಿದ್ದವು. ಅವನ್ನು ಒಂದೊಂದು ರಟ್ಟಿನ ತುಂಡಿನ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ ತೆಗೆದರು. 750 ಗುಂಪುಗಳಾದವು. ಪ್ರತಿ ಗುಂಪಿನ ಸರಾಸರಿ ಬರೆದಿಟ್ಟರು.

ಸಂಖ್ಯಾಶಾಸ್ತ್ರ ಹೊಸದಾಗಿ ಓದುವ ಕಾಲೇಜು ಹುಡುಗರು ಎಡವುವುದು ಸರಿಯಾಗಿ ಈ ಜಾಗದಲ್ಲಿ, ಆದ್ದರಿಂದ ತುಸು ನಿಲ್ಲೋಣ. ಗಾಸೆಟ್ ಮುಂದೆ ಮೂರು ಬಗೆಯ ಹರವುಗಳಿದ್ದವು. ಒಂದು, 3000 ಅಳತೆಗಳ ಹರವು; ಅದು ಇಡೀ ಸಮುದಾಯ. ಎರಡು, ಕೈಯಲ್ಲಿರುವ ನಾಲ್ಕು ರಟ್ಟುಗಳ ನಡುವಿನ ಹರವು. ಮೂರನೆಯದು 750 ಸರಾಸರಿಗಳ ಹರವು. ಈ ಮೂರನೆಯದೇ ಬೇರೆ ಜಾತಿಯದು. ಅದರಲ್ಲಿ ಒಂದೊಂದು ಬಿಂದುವೂ ಒಬ್ಬ ಮನುಷ್ಯನಲ್ಲ, ಒಂದು ಇಡೀ ಮಾದರಿ. ಮತ್ತೆ ಮತ್ತೆ ಮಾದರಿ ತೆಗೆದಿದ್ದರೆ ಏನೇನು ಸರಾಸರಿ ಬರಬಹುದಿತ್ತು ಎಂಬುದರ ಚಿತ್ರ ಅದು. ನಾಲ್ಕರ ಸರಾಸರಿಗಳು ಬಿಡಿ ಅಳತೆಗಳಿಗಿಂತ ಅರ್ಧದಷ್ಟು ಮಾತ್ರ ಹರಡಿಕೊಳ್ಳುತ್ತವೆ. ಹದಿನಾರರ ಸರಾಸರಿಗಳಾದರೆ ಕಾಲು ಭಾಗ. ಮಾದರಿಯ ಗಾತ್ರದ ವರ್ಗಮೂಲದಂತೆ ದೋಷ ಇಳಿಯುತ್ತದೆ. ಸಮುದಾಯದ ಹರವು ನಮಗೆ ಗೊತ್ತಿಲ್ಲದೆ, ಆ ನಾಲ್ಕರಿಂದಲೇ ಅದನ್ನೂ ಅಂದಾಜು ಮಾಡಬೇಕಾದಾಗ ಅನಿಶ್ಚಿತತೆ ಇನ್ನಷ್ಟು ಬೆಳೆಯುತ್ತದೆ. ಸರಾಸರಿ ಎಷ್ಟು ಆಚೀಚೆ ಇದ್ದೀತೆಂದು ಹೇಳಲು ಆ ದೋಷವನ್ನು ದೊಡ್ಡ ಮಾದರಿಗೆ ಎರಡರಿಂದ ಗುಣಿಸಿದರೆ ಸಾಕಾಗುವಲ್ಲಿ, ನಾಲ್ಕರ ಮಾದರಿಗೆ ಮೂರಕ್ಕಿಂತ ಹೆಚ್ಚಿನಿಂದ, 3.18ರಿಂದ, ಗುಣಿಸಬೇಕು. ಗಾಸೆಟ್ ಆರಿಸಿಕೊಂಡ ಸಂಖ್ಯೆಯೂ ನಾಲ್ಕು, ನಮ್ಮ ಪಂಚಾಯಿತಿಗೆ ಸಿಕ್ಕಿದ್ದೂ ನಾಲ್ಕು. ಇದು ಬರಿಯ ಕಾಕತಾಳೀಯ, ಆದರೆ ಜಗಳೂರಿನ ಲೆಕ್ಕ ಹಾಕುವವರು ಗಾಸೆಟ್‌ರ ರಟ್ಟುಗಳನ್ನು ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ಭಾರತದಲ್ಲಿ ಈ ವಿದ್ಯೆಯನ್ನು ದೇಶದಗಲಕ್ಕೆ ಹಬ್ಬಿಸಿದವರು ಪ್ರಶಾಂತಚಂದ್ರ ಮಹಾಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಅವರು 1937ರಿಂದ ಬಂಗಾಳದ ಸೆಣಬಿನ ಸಮೀಕ್ಷೆಗೆ ಕೈಹಾಕಿ, 1941ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಮಾದರಿಯಿಂದ ಅಳೆದರು. ಗದ್ದೆ ಗದ್ದೆ ಎಣಿಸುವ ಪೂರ್ಣ ಗಣತಿಗಿಂತ ಇದು ಎಷ್ಟೋ ಅಗ್ಗ, ಬೇಗ. ದೋಷದ ಅಳತೆಯೂ ಜೊತೆಗೇ ಬರುತ್ತದೆ. ಅವರ ಇನ್ನೊಂದು ಯುಕ್ತಿ ನನಗೆ ಬಹಳ ಹಿಡಿಸಿದ್ದು. ಒಂದೇ ಪ್ರದೇಶದಿಂದ ಎರಡು ಪ್ರತ್ಯೇಕ ಮಾದರಿ ತೆಗೆದು, ಎರಡು ಬೇರೆ ತಂಡಗಳಿಗೆ ಕೊಡುತ್ತಿದ್ದರು. ಒಂದರ ಲೆಕ್ಕ ಇನ್ನೊಂದಕ್ಕೆ ಗೊತ್ತಿಲ್ಲ. ಕೊನೆಗೆ ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟರೆ ದೋಷ ಎಷ್ಟಿದೆ ಎಂದು ಶಾಸ್ತ್ರ ಓದದವರಿಗೂ ಕಾಣುತ್ತದೆ. ಇದೇ ಹಾದಿಯಲ್ಲಿ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು.

ಅಷ್ಟರಲ್ಲಿ ದೆಹಲಿಯಲ್ಲಿ ಇನ್ನೊಬ್ಬ ದೊಡ್ಡ ವಿದ್ವಾಂಸ ಬೇರೆ ಮಾತು ಹೇಳುತ್ತಿದ್ದರು. ಕೃಷಿ ಸಂಶೋಧನಾ ಮಂಡಳಿಯ ಪಿ. ವಿ. ಸುಖಾತ್ಮೆ. ಮಹಾಲನೋಬಿಸ್ ಸಣ್ಣ ಸಣ್ಣ ತುಂಡುಗಳನ್ನು ತರಬೇತಾದ ಪ್ರತ್ಯೇಕ ಸಿಬ್ಬಂದಿಯಿಂದ ಕತ್ತರಿಸಬೇಕೆಂದರೆ, ಸುಖಾತ್ಮೆ ದೊಡ್ಡ ತುಂಡನ್ನು ಕಂದಾಯ ಮತ್ತು ಕೃಷಿ ಇಲಾಖೆಯವರೇ ಕತ್ತರಿಸಲಿ ಎಂದರು. ತುಂಡು ಚಿಕ್ಕದಾದಷ್ಟೂ ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಉದ್ದವಾಗುತ್ತದೆ; ಅಂಚಿನ ಮೇಲೆ ನಿಂತ ಗಿಡವನ್ನು ಕೊಯ್ಯುವವನ ಕೈ ಒಳಕ್ಕೇ ಎಳೆದುಕೊಳ್ಳುತ್ತದೆ; ಹೀಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ ಎಂದು ಅವರು 1946ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಸರಿಯಾಗಿ ಕಲಿತ ಸಿಬ್ಬಂದಿ ಈ ತಪ್ಪು ಮಾಡುವುದಿಲ್ಲವೆಂಬುದು ಎದುರು ಪಕ್ಷದ ವಾದ. 1950–60ರ ದಶಕಗಳಲ್ಲಿ ಮಾದರಿ ಸಮೀಕ್ಷೆಯ ಧಾನ್ಯದ ಅಂದಾಜು ಇಲಾಖೆಯ ಅಂದಾಜಿಗಿಂತ ಮೇಲೇ ಇರುತ್ತಿತ್ತು, ಯಾವುದು ನಿಜ ಎಂದು ವಿದ್ವಾಂಸರು ಬಡಿದಾಡಿದರು. ಆಡಳಿತದಲ್ಲಿ ನಿಂತದ್ದು ಸುಖಾತ್ಮೆಯವರ ದಾರಿ. ಇವತ್ತು ಚೌಕ ಐದು ಮೀಟರಿನದಾಗಿರುವುದೂ, ಟೇಪು ಹಿಡಿಯುವವರು ಕಂದಾಯ, ಕೃಷಿ ಇಲಾಖೆಯವರಾಗಿರುವುದೂ ಆ ಪರಂಪರೆಯಿಂದಲೇ.

ಎರಡು ಪಕ್ಷದವರಿಗೂ ಆಗ ಬೇಕಿದ್ದದ್ದು ಒಂದು ಜಿಲ್ಲೆಯ, ಒಂದು ರಾಜ್ಯದ, ದೇಶದ ಒಟ್ಟು ಬೆಳೆ. ಎಷ್ಟು ಅಕ್ಕಿ ತರಿಸಬೇಕು, ಪಡಿತರ ಎಷ್ಟು ಹಂಚಬೇಕು ಎಂಬ ಚಿಂತೆ. ಅಷ್ಟಕ್ಕೆ ಈ ವಿಧಾನ ಹೇಳಿ ಮಾಡಿಸಿದಂತಿತ್ತು. ಒಂದು ಹೊಲದ ಅದೃಷ್ಟ ಇನ್ನೊಂದು ಹೊಲದ ದುರದೃಷ್ಟವನ್ನು ತುಂಬಿ, ಸಾವಿರಾರು ಚೌಕಗಳ ಸರಾಸರಿ ನಿಜದ ಹತ್ತಿರ ಬಂದು ನಿಲ್ಲುತ್ತಿತ್ತು.

ವಿಮೆ ಬಂದಾಗ ಕಥೆ ತಿರುಗಿತು. 1972ರಲ್ಲಿ ಗುಜರಾತಿನ ಎಚ್-4 ಹತ್ತಿಗೆ ಒಬ್ಬೊಬ್ಬ ರೈತನ ಹೊಲ ನೋಡಿ ಪರಿಹಾರ ಕೊಡುವ ಯೋಜನೆ ಶುರುವಾಗಿ, ಮುಂದೆ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ಹಬ್ಬಿತು. 1978–79ರಲ್ಲಿ ನಿಲ್ಲುವ ಹೊತ್ತಿಗೆ ಸೇರಿದ್ದ ರೈತರು 3110 ಮಾತ್ರ. ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ. ಚಕ್ರವರ್ತಿ ಹೇಳಿದ್ದು ನಿಜವಾಗಿತ್ತು. ಪುಣೆಯ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ 1976ರಲ್ಲಿ ಪ್ರದೇಶವನ್ನೇ ಘಟಕ ಮಾಡಿ, ಅಲ್ಲಿನ ಬೆಳೆ ಕಟಾವು ಪ್ರಯೋಗಗಳ ಸರಾಸರಿಯ ಮೇಲೆ ಎಲ್ಲರಿಗೂ ಒಂದೇ ದರದಲ್ಲಿ ಪರಿಹಾರ ಕೊಡಿ ಎಂದರು. 1979ರಲ್ಲಿ ಪ್ರಾಯೋಗಿಕವಾಗಿ, 1985ರಲ್ಲಿ ಸಮಗ್ರ ಬೆಳೆ ವಿಮೆಯಾಗಿ ಅದೇ ಜಾರಿಗೆ ಬಂತು. ದೇಶದ ಕಣಜ ಲೆಕ್ಕ ಹಾಕಲು ಹುಟ್ಟಿದ ಚೌಕ ಹೀಗೆ ಒಬ್ಬ ರೈತನ ಬ್ಯಾಂಕ್ ಖಾತೆಗೆ ಗಂಟುಬಿತ್ತು.

ಮೊದಲು ಘಟಕ ದೊಡ್ಡದಿತ್ತು. ದೊಡ್ಡ ಘಟಕದ ಅನ್ಯಾಯ ಅರಿಯಲು ನಮ್ಮ ಜಿಲ್ಲೆಯನ್ನೇ ನೋಡಬಹುದು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿಗಳ ಜೊತೆ ಒಂದೇ ಸೂರಿನಡಿ ಬಂತು. ಚನ್ನಗಿರಿಯಲ್ಲಿ ಸೂಳೆಕೆರೆ, ಅಡಿಕೆ ತೋಟ. ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆ. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಶೇಂಗಾ, ಮೆಕ್ಕೆಜೋಳ, ರಾಗಿ, ಈರುಳ್ಳಿ. 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಜನ. ಇವನ್ನೆಲ್ಲ ಕೂಡಿಸಿ ಭಾಗಿಸಿದ ಸರಾಸರಿ ಯಾರ ಊರಿನ ಚಿತ್ರವೂ ಅಲ್ಲ. ತಾಲ್ಲೂಕಿನೊಳಗೂ ಹಾಗೆಯೇ: ಕಸಬಾ, ಬಿಳಿಚೋಡು, ಸೊಕ್ಕೆ ಹೋಬಳಿಗಳಲ್ಲಿ ಮಳೆ ಒಂದೇ ದಿನ ಬರುವುದಿಲ್ಲ. ಆದ್ದರಿಂದ ಘಟಕ ಚಿಕ್ಕದಾಗಲಿ ಎಂದು ರೈತರು ಕೇಳಿದರು, ಕೇಳಿದ್ದು ನ್ಯಾಯವೇ ಆಗಿತ್ತು. 1999–2000ದ ಹಿಂಗಾರಿನಿಂದ ಬಂದ ರಾಷ್ಟ್ರೀಯ ಕೃಷಿ ವಿಮೆಯಲ್ಲಿ ಘಟಕ ಹೋಬಳಿ ಮಟ್ಟಕ್ಕೆ ಇಳಿಯತೊಡಗಿತು. 2016ರ ಮುಂಗಾರಿನಲ್ಲಿ ಬಂದ ಫಸಲ್ ಬಿಮಾ ಯೋಜನೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನೇ ಘಟಕ ಮಾಡಿತು. ತಾಲ್ಲೂಕಿಗೆ ಕನಿಷ್ಠ 16, ಹೋಬಳಿಗೆ 10 ಪ್ರಯೋಗಗಳಿದ್ದಲ್ಲಿ ಪಂಚಾಯಿತಿಗೆ ಮುಖ್ಯ ಬೆಳೆಯ 4 ಪ್ರಯೋಗ ನಿಗದಿಯಾಯಿತು.

ಊರು ಹತ್ತಿರವಾಯಿತು, ಮಾದರಿ ಚಿಕ್ಕದಾಯಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ವರ್ಗಮೂಲದ ನಿಯಮ ಇನ್ನೊಂದು ಕೈಯಲ್ಲಿ ಕಸಿಯಿತು.

ಒಂದು ಕಲ್ಪಿತ ಲೆಕ್ಕ ಇಟ್ಟು ನೋಡೋಣ. ಒಂದು ಪಂಚಾಯಿತಿಯಲ್ಲಿ ಮೆಕ್ಕೆಜೋಳದ ನಿಜವಾದ ಸರಾಸರಿ ಹೆಕ್ಟೇರಿಗೆ 16 ಕ್ವಿಂಟಲ್ ಎನ್ನಿ. ಮಸಾರಿ, ಎರೆ, ಬೋರಿನ ಹೊಲ, ಬೋಳು ದಿಬ್ಬ ಎಲ್ಲ ಸೇರಿ ಹೊಲದಿಂದ ಹೊಲಕ್ಕೆ ಹರವು, ಅಂದರೆ ಮಾನಕ ವಿಚಲನೆ, 8 ಕ್ವಿಂಟಲ್. ವಿಮೆಯ ಹೊಸ್ತಿಲು ಇಳುವರಿ 20. ಯೋಜನೆಯ ಸೂತ್ರದ ಪ್ರಕಾರ ಹೊಸ್ತಿಲಿಗಿಂತ ಎಷ್ಟು ಪಾಲು ಕಡಿಮೆಯೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ಇಲ್ಲಿ 20ರಲ್ಲಿ 4 ಕಡಿಮೆ, ಅಂದರೆ ಶೇ 20 ಬರಬೇಕು. ಆದರೆ ಅಧಿಕಾರಿಗೆ 16 ಎಂದು ಗೊತ್ತಿಲ್ಲ. ಅವರ ಕೈಯಲ್ಲಿರುವುದು ನಾಲ್ಕು ಚೌಕ. ನಾಲ್ಕರ ಸರಾಸರಿಗಳ ಹರವು 8ರ ಅರ್ಧ, ಅಂದರೆ 4. ಹಾಗಾಗಿ ಆ ನಾಲ್ಕು ನಂಬರುಗಳು ಬಿದ್ದ ರೀತಿಯಿಂದಲೇ ಸರಾಸರಿ 20 ದಾಟಿಬಿಡುವ ಸಂಭವ ಹೆಚ್ಚುಕಡಿಮೆ ಆರರಲ್ಲಿ ಒಂದು. ದಾಟಿದರೆ ಪರಿಹಾರ ಸೊನ್ನೆ. ಹದಿನಾರು ಚೌಕಗಳಿದ್ದರೆ ಹರವು 2ಕ್ಕಿಳಿದು, ಆ ಸಂಭವ ನೂರಕ್ಕೆ ಎರಡೂವರೆಯ ಸುಮಾರಿಗೆ ಬರುತ್ತಿತ್ತು. ಯಾರೂ ಮೋಸ ಮಾಡಿಲ್ಲ, ಟೇಪು ಸೊಟ್ಟ ಹಿಡಿದಿಲ್ಲ, ತಕ್ಕಡಿ ಸರಿಯಾಗಿಯೇ ಇದೆ. ಆದರೂ ಹೀಗಾಗುತ್ತದೆ. ಮಾದರಿ ದೋಷವೆಂದರೆ ಇದು. ಯಾರ ತಪ್ಪೂ ಅಲ್ಲ, ಮಾದರಿ ತೆಗೆದದ್ದಕ್ಕೆ ತೆರುವ ಬೆಲೆ.

ತಿರುಗಿಸಿ ನೋಡಿದರೆ, ನಿಜ ಸರಾಸರಿ 24 ಇರುವ ಪಂಚಾಯಿತಿಗೂ ಆರರಲ್ಲೊಂದು ಸಲ ಪರಿಹಾರ ಬಂದೀತು. ವಿಮಾ ಕಂಪನಿಗೆ ಇದು ಅಷ್ಟು ದೊಡ್ಡ ಸಂಕಟವಲ್ಲ. ಅದರ ಪುಸ್ತಕದಲ್ಲಿ ನೂರಾರು ಪಂಚಾಯಿತಿಗಳಿವೆ, ಒಂದು ಕಡೆ ಏರಿದ್ದು ಇನ್ನೊಂದು ಕಡೆ ಇಳಿಯುತ್ತದೆ. ಸರ್ಕಾರದ ಲೆಕ್ಕದಲ್ಲೂ ಅಷ್ಟೆ. ಸೊಕ್ಕೆ ಹೋಬಳಿಯ ಎರಡೆಕರೆ ರೈತನಿಗೆ ಇರುವುದು ಒಂದೇ ಪಂಚಾಯಿತಿ, ಈ ವರ್ಷಕ್ಕೆ ಒಂದೇ ಮುಂಗಾರು. ಅವನ ಪಾಲಿಗೆ ಆ 750 ಗುಂಪುಗಳಲ್ಲಿ ಒಂದು ಮಾತ್ರ ಬಂದಿದೆ. ಉಳಿದ 749ರ ಸಮಾಧಾನ ಅವನದಲ್ಲ. ಮಹಾಲನೋಬಿಸ್ ಕಾಲದಲ್ಲಿ ದೇಶದ ಒಟ್ಟು ಮೊತ್ತದೊಳಗೆ ಕರಗಿಹೋಗುತ್ತಿದ್ದ ದೋಷವನ್ನು ಈಗ ತಡೆದುಕೊಳ್ಳುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ಹೆಗಲಿಗೆ ಇಳಿಸಿದ್ದೇವೆ ಎಂಬುದೇ ನನ್ನ ತಕರಾರು. ಹೊಸ್ತಿಲು ಇಳುವರಿಯೂ ಇದರಿಂದ ಹೊರತಲ್ಲ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯಿಂದ ಅದು ಬರುತ್ತದೆ, ಆ ಒಂದೊಂದು ವರ್ಷದ ಅಂಕಿಯೂ ಇಂಥವೇ ಕೆಲವು ಚೌಕಗಳ ಮಗು.

ಹಾಗಾದರೆ ಚೌಕಗಳನ್ನು ಹೆಚ್ಚಿಸಬಾರದೇ? ದೋಷ ಅರ್ಧವಾಗಬೇಕಾದರೆ ಪ್ರಯೋಗ ನಾಲ್ಕು ಪಟ್ಟಾಗಬೇಕು. ಕೊಯ್ಲು ನಡೆಯುವುದು ಕೆಲವೇ ವಾರ. ಅಷ್ಟರಲ್ಲಿ ಪ್ರತಿ ಪಂಚಾಯಿತಿಯ ಪ್ರತಿ ಬೆಳೆಗೂ ಅದೇ ಕೆಲವು ಸಿಬ್ಬಂದಿ ಓಡಬೇಕು. ರೈತ ಮಳೆಗೆ ಹೆದರಿ ಮೊದಲೇ ಕೊಯ್ದಿದ್ದರೆ ಬದಲಿ ನಂಬರು ಹುಡುಕಬೇಕು. ದಣಿದವರ ಕೈಯಲ್ಲಿ ಪ್ರಯೋಗ ಹೆಚ್ಚಿಸಿದರೆ ಮಾದರಿ ದೋಷ ಇಳಿದು ಇನ್ನೊಂದು ಬಗೆಯ ದೋಷ ಏರುತ್ತದೆ. ದೇಶದ ಹಲವೆಡೆ ಹೊಲಕ್ಕೆ ಹೋಗದೆಯೇ ಅಂಕಿ ತುಂಬುತ್ತಾರೆಂಬ ದೂರು ಹಳೆಯದು, ಅದನ್ನು ತಡೆಯಲೆಂದೇ ಮೊಬೈಲ್ ಆ್ಯಪ್, ಫೋಟೊ, ಜಿಪಿಎಸ್ ಬಂದವು. ಸುಖಾತ್ಮೆ ಮಹಾಲನೋಬಿಸರ ಜಗಳದ ತಿರುಳೂ ಇದೇ ಆಗಿತ್ತು: ಲೆಕ್ಕಕ್ಕೆ ಸಿಗುವ ದೋಷ ಒಂದಾದರೆ ಲೆಕ್ಕಕ್ಕೆ ಸಿಗದ ದೋಷ ಇನ್ನೊಂದು, ಎರಡನೆಯದನ್ನು ಎಷ್ಟು ಚೌಕ ಹಾಕಿದರೂ ವರ್ಗಮೂಲ ಕರಗಿಸುವುದಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಪಂಚಾಯಿತಿಯ ಸರಾಸರಿಯನ್ನು ಪ್ರಕಟಿಸುವಾಗ ನಾಲ್ಕು ಚೌಕಗಳ ತೂಕವನ್ನೂ, ಅದರ ದೋಷವನ್ನೂ ಪಕ್ಕದಲ್ಲೇ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಲಿ. ಹೊಸ್ತಿಲಿನ ಅಂಚಿನಲ್ಲಿ ನಿಂತ ಪಂಚಾಯಿತಿಗೆ ಇನ್ನೂ ನಾಲ್ಕು ಪ್ರಯೋಗ ಮಾಡುವ ನಿಯಮವಿರಲಿ. ಅದನ್ನು ಬೇರೆ ತಂಡ ಮಾಡಲಿ, ಮಹಾಲನೋಬಿಸ್ ಬಂಗಾಳದಲ್ಲಿ ಮಾಡಿಸಿದಂತೆ. ನೆರೆಯ ಪಂಚಾಯಿತಿಗಳ ಚೌಕಗಳಿಂದಲೂ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದಲೂ ಬಲ ಪಡೆದು ಸಣ್ಣ ಘಟಕದ ಅಂದಾಜನ್ನು ಗಟ್ಟಿ ಮಾಡುವ ವಿಧಾನಗಳು ಶಾಸ್ತ್ರದಲ್ಲಿ ಎಂದೋ ಬಂದಿವೆ. ಕರ್ನಾಟಕದಲ್ಲಿ ಅಂಥ ಮಳೆಮಾಪಕಗಳು 6 ಸಾವಿರಕ್ಕೂ ಹೆಚ್ಚಿವೆ.

2023ರ ಮುಂಗಾರಿನಿಂದ ಕೇಂದ್ರ ಸರ್ಕಾರ ಭತ್ತ ಮತ್ತು ಗೋಧಿಯ ಇಳುವರಿಯಲ್ಲಿ ಶೇ 30ರಷ್ಟು ತೂಕವನ್ನು ಉಪಗ್ರಹ ಆಧಾರಿತ ಅಂದಾಜಿಗೆ ಕೊಟ್ಟಿದೆ. ಉಪಗ್ರಹ ಒಂದೊಂದು ಹೊಲವನ್ನೂ ಮೇಲಿನಿಂದ ನೋಡಬಲ್ಲದು, ಯಾವ ಪಂಚಾಯಿತಿಯನ್ನೂ ಬಿಡುವುದಿಲ್ಲ. ಆದರೆ ಹಸಿರಿನ ಇಂಥ ಬಣ್ಣಕ್ಕೆ ಎಷ್ಟು ಕ್ವಿಂಟಲ್ ಕಾಳು ಎಂದು ಅದಕ್ಕೆ ಕಲಿಸಬೇಕು. ಕಲಿಸಲು ಬೇಕಾದ ಪಾಠ ಸಿಗುವುದು ಟೇಪು ಹಿಡಿದು ಅಳೆದ ಕಟಾವಿನ ಚೌಕಗಳಿಂದಲೇ. ಜಗಳೂರಿನ ಶೇಂಗಾ, ಮೆಕ್ಕೆಜೋಳಗಳು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ.